ಭಾವ ತಿಕ್ಕಿ ತೆಗೆದ ದೇವರುಗಳು

ನಮ್ಮ ಭಾವ ಬೆಳಿಗ್ಗೆ ಎದ್ದು ಹಲ್ಲುಜ್ಜುವುದಕ್ಕೆ ಮೊದಲು ದೇವರನ್ನು ಉಜ್ಜುತ್ತಾರೆ. ಅದೂ ಟೂತ್‌ಬ್ರಶ್ಶಿನಲ್ಲಿ! ನಗಬೇಡಿ, ದೇವರ ಬ್ರಶ್ಶೇ ಬೇರೆ, ಅವರ ಬ್ರಶ್ಶೇ ಬೇರೆ. ಒಂದು ಸಲ ಮಾತ್ರ ಅದಲುಬದಲಾಗಿತ್ತೆಂದು ಅಕ್ಕ ಹೇಳುತ್ತಾಳೆ, ಅವರು ಒಪ್ಪುವುದಿಲ್ಲ.

ಅಮೆರಿಕದ ಕಮ್ಮಿಂಗ್ ಎಂಬ ಊರಿನಲ್ಲಿರುವ ಈ ಸಾಫ್ಟ್‌ವೇರ್ ಎಂಜಿನಿಯರಿಗೆ ಲಾಕ್‌ಡೌನ್ ಕಾಲದಲ್ಲಿ ಹತ್ತಿದ ಹುಚ್ಚು ಪ್ರಾಚೀನ ರೋಮಿನ ಕಂಚಿನ ನಾಣ್ಯಗಳದು. ಮಣ್ಣು ಮೆತ್ತಿಕೊಂಡ ನಾಣ್ಯಗಳನ್ನು ಆನ್‌ಲೈನಿನಲ್ಲಿ ತರಿಸಿ, ವಾರಗಟ್ಟಲೆ ನೆನೆಸಿ, ತಿಕ್ಕಿ ತಿಕ್ಕಿ ಒಳಗಿರುವ ದೇವರನ್ನು ಹೊರಗೆ ತರುತ್ತಾರೆ. ಬಂದದ್ದು ದೇವರೇ ಎಂದು ಉಳಿದವರಿಗೆ ಹೇಗೆ ಗೊತ್ತಾಗಬೇಕು?

"ನೋಡು ಪುಟ್ಟಿ, ಇವನು ಸೂರ್ಯದೇವ. ತಲೆ ಸುತ್ತ ಕಿರಣ ಕಾಣ್ತಾ?" ಎಂದು ಮಗಳಿಗೆ ತೋರಿಸಿದರು.

"ಅಪ್ಪಾ, ಇಟ್ ಲುಕ್ಸ್ ಲೈಕ್ ಎ ಪೊಟೇಟೋ," ಎಂದಳು ಅವಳು.

ನಾನೊಮ್ಮೆ ನಾನಿರುವ ರಾಕ್‌ವಿಲ್‌ನಿಂದ ಅವರ ಮನೆಗೆ ಹೋದವನು, ಅಕ್ಕನಿಗೆ ಸಹಾಯವಾಗಲೆಂದು ಸಾರು ಮಾಡಲು ನಿಂತೆ. ಸಿಂಕಿನ ಪಕ್ಕ ಬಟ್ಟಲಲ್ಲಿ ಕಂದು ನೀರು. ಹುಣಸೆಹಣ್ಣೆಂದು ಕೈಹಾಕಿ ಕಿವುಚತೊಡಗಿದೆ.

"ಅಯ್ಯಯ್ಯೋ! ಜೂಪಿಟರ್‌ನ ಹಿಂಡಬೇಡ್ವೋ!" ಎನ್ನುತ್ತ ಭಾವ ಓಡಿಬಂದರು.

ಜೂಪಿಟರ್ ಎಂದರೆ ನಮ್ಮ ಗುರುಗ್ರಹವಲ್ಲವೇ? ಗುರುಬಲ ಬೇಡುವವರು ಲಕ್ಷ ಮಂದಿ. ಗುರುವನ್ನೇ ಹಿಂಡಿದವನು ನಾನೊಬ್ಬನೇ ಇರಬೇಕು! ನನ್ನ ಗ್ರೀನ್‌ಕಾರ್ಡ್ ಇನ್ನೂ ಬಂದಿಲ್ಲ.

ಇನ್ನೊಂದು ಬಟ್ಟಲಲ್ಲಿ ಆಲಿವ್ ಎಣ್ಣೆ, ಅದರಲ್ಲೂ ನಾಣ್ಯ. ಅಕ್ಕ ಸಿಡುಕಿದಳು: "ನಮ್ಮ ದೇವರಿಗೆ ಒಂದು ಹೂ ಏರಿಸೋಕೆ ಟೈಮಿಲ್ಲ ಇವರಿಗೆ. ಯಾವೂರ ದೇವರಿಗೋ ಎಣ್ಣೆಸ್ನಾನ!"

ಹೋದ ವರ್ಷ ಅದೇ ಅಕ್ಕನಿಗೆ ಹೃದಯದ ಆಪರೇಷನ್ ಆಯಿತು. ಅಟ್ಲಾಂಟಾದ ಆಸ್ಪತ್ರೆಯಲ್ಲಿ ಭಾವ, ನಾನು ಅಕ್ಕಪಕ್ಕ ಕೂತಿದ್ದೆವು. ಅವರು ಮುಷ್ಟಿ ಬಿಗಿಹಿಡಿದಿದ್ದರು.

"ಏನು ಭಾವ ಅದು?"

ಮುಷ್ಟಿ ಬಿಚ್ಚಿದರು. ಸವೆದ ನಾಣ್ಯದ ಮೇಲೆ ಹಾವಿಗೆ ಉಣಿಸುತ್ತಿರುವ ಒಬ್ಬ ಹೆಂಗಸು. "ಸಾಲುಸ್ ಅಂತ. ಆರೋಗ್ಯದ ದೇವತೆ," ಎಂದರು. ನಾನು ಬಗ್ಗಿ ನೋಡಿದೆ.

"ನಮ್ಮ ದೇವರಿಗೂ ಕೇಳ್ಕೊಂಡಿದೀನಿ ಕಣೋ. ಆದ್ರೆ ಅವರ ಹತ್ರ ಎಷ್ಟು ಜನ! ಇವಳನ್ನ ಎಷ್ಟೋ ನೂರು ವರ್ಷದಿಂದ ಯಾರೂ ಏನೂ ಕೇಳಿಲ್ಲ. ನಂದೊಂದು ನಡೆಸಿಕೊಟ್ಟಾಳು ಅಂತ..." ಎಂದರು ಭಾವ.

"ಇಲ್ಲಿ ಕೊಡಿ, ನಾನೂ ಕೇಳ್ತೀನಿ," ಎಂದೆ.

ಸರ್ಜನ್ ಹೊರಗೆ ಬಂದು "ಶೀ ಈಸ್ ಡೂಯಿಂಗ್ ಫೈನ್" ಎಂದಾಗ ನಾಣ್ಯ ನನ್ನ ಮುಷ್ಟಿಯಲ್ಲಿತ್ತು. ಆ ಮುಷ್ಟಿಯನ್ನು ಭಾವ ಎರಡೂ ಕೈಗಳಲ್ಲಿ ಹಿಡಿದುಕೊಂಡು ಅಳುತ್ತಿದ್ದರು.