ಕಂಬದಣ್ಣ ನೋಡ್ ಗುಡಿಸಿದ ದಿನ

ಇಷ್ಟಕ್ಕೆಲ್ಲ ಮೂಲ ರೇಡಿಯೊ ಕ್ಲಬ್ಬಿನ ಹಿರಿಯರಾದ ಮೇಷ್ಟ್ರ ಬುಲೆಟಿನ್. ಸೂರ್ಯನ ಮೇಲಿನ ಕಲೆಗಳು, ಅವುಗಳಿಂದ ರೇಡಿಯೊ ಅಲೆಗಳಿಗೆ ಆಗುವ ಉಪಕಾರ, ಅಪಕಾರ, ನಡುನಡುವೆ ಮೇಷ್ಟ್ರ ಮಂಡಿನೋವು, ಎಲ್ಲ ಸೇರಿಸಿ ದಿನಕ್ಕೊಂದು. ವರ್ಷಗಟ್ಟಲೆ ಅದನ್ನು ನುಂಗಿ ನುಂಗಿ ಕ್ಲಬ್ಬಿನ ಕಂಪ್ಯೂಟರ್ ಆ ಬೆಳಗ್ಗೆ ಕೈಯೆತ್ತಿಬಿಟ್ಟಿತು. ಪರದೆಯ ಮೇಲೆ ಕೆಂಪಕ್ಷರದಲ್ಲಿ 'ಜಾಗ ಇಲ್ಲ' ಅಂತ ಬರೆದು ಸುಮ್ಮನೆ ಕೂತಿತು.

ಆ ಕಂಪ್ಯೂಟರ್ ಇದ್ದದ್ದು ಕಂಬದಣ್ಣನ ಮನೆಯ ಮಹಡಿ ಕೋಣೆಯಲ್ಲಿ. ತಮ್ಮ ತಮ್ಮ ಮನೆಯಲ್ಲಿ ಕೂತು ರೇಡಿಯೊದಲ್ಲಿ ದೇಶದೇಶದವರನ್ನು ಮಾತಾಡಿಸುವ ಹವ್ಯಾಸಿಗಳ ಕ್ಲಬ್ಬು ಅದು. ಕಂಪ್ಯೂಟರನ್ನು ಅವರೆಲ್ಲ ಇಂಗ್ಲಿಷಿನಲ್ಲಿ 'ನೋಡ್' ಅನ್ನುತ್ತಿದ್ದರು. ಯಾವ ದೂರದ ಸ್ಟೇಷನ್ ಯಾವ ತರಂಗದಲ್ಲಿ ಕೇಳಿಸುತ್ತಿದೆ ಅಂತ ಒಬ್ಬರು ಹೇಳಿದರೆ ಸಾಕು, ನೋಡ್ ಅದನ್ನು ಎಲ್ಲರಿಗೂ ಸಾರುತ್ತಿತ್ತು. ಒಬ್ಬರು ಇನ್ನೊಬ್ಬರಿಗೆ ಬರೆದ ಸಂದೇಶವನ್ನು ಇಟ್ಟುಕೊಂಡು ತಲುಪಿಸುತ್ತಿತ್ತು. ಸದಸ್ಯರು ಯಾರು, ರೇಡಿಯೊದಲ್ಲಿ ಅವರ ಕರೆಹೆಸರೇನು, ಮನೆಯೆಲ್ಲಿ, ಅದೂ ಅದರ ಹೊಟ್ಟೆಯಲ್ಲೇ. ದೂರದೇಶದವರೂ ರೇಡಿಯೊ ಮೂಲಕವೇ ಅದಕ್ಕೆ ಬರೆಯಬಹುದು, ಇಂಥವರು ಯಾರು ಅಂತ ಕೇಳಬಹುದು. ಇದನ್ನೆಲ್ಲ ನೋಡಿಕೊಳ್ಳುವ ಅಡ್ಮಿನ್ ನಮ್ಮ ಕಂಬದಣ್ಣ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು ಅವನ ಕೆಲಸ. ಮಹಡಿ ಮೇಲೆ ಆಂಟೆನಾ ಕಂಬ ನೆಟ್ಟ ದಿನದಿಂದ ಬೀದಿಗೆಲ್ಲ ಕಂಬದಣ್ಣ. ಅಡ್ಮಿನ್ ಕೆಲಸಕ್ಕೆ ಸಂಬಳ ಇರಲಿಲ್ಲ, ಬೈಗುಳ ಮಾತ್ರ ಹೊತ್ತು ಹೊತ್ತಿಗೆ ಬರುತ್ತಿತ್ತು.

ಅವತ್ತು ಅವನು ಅಂಗಡಿಗೆ ರಜ ಹಾಕಿದ್ದ. ಸಮುದ್ರದ ನಟ್ಟನಡುವೆ ಮನುಷ್ಯರೇ ಇಲ್ಲದ ಒಂದು ದ್ವೀಪ. ಅಲ್ಲಿಗೆ ಒಬ್ಬ ಹುಚ್ಚ ರೇಡಿಯೊ ಹೊತ್ತುಕೊಂಡು ಹೋಗಿದ್ದ. ಸಂಜೆ ದೋಣಿ ಬಂದರೆ ಗಂಟುಮೂಟೆ ಕಟ್ಟಿ ಹೊರಟ. ಅಷ್ಟರೊಳಗೆ ಅವನನ್ನು ಮಾತಾಡಿಸಬೇಕು, ಅವನು ನಮ್ಮ ಕರೆಹೆಸರನ್ನು ತನ್ನ ಲಾಗ್‌ನಲ್ಲಿ, ಅಂದರೆ ಮಾತಾಡಿದವರ ಪಟ್ಟಿಯಲ್ಲಿ, ಬರೆದುಕೊಳ್ಳಬೇಕು. ಬರೆದುಕೊಂಡರೆ ಲೆಕ್ಕ, ಇಲ್ಲದಿದ್ದರೆ ಗಂಟಲು ಹರಿದುಕೊಂಡದ್ದೇ ಬಂತು. ಪ್ರಪಂಚದಲ್ಲಿ ಕಂಬದಣ್ಣ ಮಾತಾಡಿಸದೆ ಬಿಟ್ಟ ಜಾಗ ಇದೊಂದೇ. ಹಿಂದೆ ಯಾರೋ ಅಲ್ಲಿಗೆ ಹೋಗಿದ್ದಾಗ ನೋಡ್ ಕೆಟ್ಟು, ಅದನ್ನು ಸರಿಮಾಡುವುದರಲ್ಲೇ ಇವನ ದಿನ ಕಳೆದಿತ್ತು. ಕ್ಲಬ್ಬಿಗೆಲ್ಲ ದ್ವೀಪ ಸಿಕ್ಕಿತು, ಇವನಿಗೆ ಸಿಕ್ಕಿದ್ದು ಥ್ಯಾಂಕ್ಸು.

"ರಜ ಹಾಕಿದ್ದು ದ್ವೀಪಕ್ಕೋ ಕಂಪ್ಯೂಟರಿಗೋ?" ಅಂದಳು ಹೆಂಡತಿ, ಬಾಗಿಲಲ್ಲಿ ನಿಂತು.

"ಒಂದೇ ನಿಮಿಷ ಕಣೇ. ಕಸ ಗುಡಿಸಿಬಿಡ್ತೀನಿ."

"ಮನೇಲೂ ಇದೆ ಕಸ. ಅದಕ್ಕೂ ಒಂದೇ ನಿಮಿಷ ಸಾಕು."

ಕಂಬದಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ವರ್ಷದಿಂದ ನೋಡ್ ಒಳಗೆ ಕಾಲಿಡದವರ ಹೆಸರು, ವಿಳಾಸ, ಸಂದೇಶ ಎಲ್ಲ ಅಳಿಸು ಅಂತ ಒಂದು ಸಾಲು ಬರೆದ. ಯಂತ್ರ ಪಾಪ, 'ಖಂಡಿತಾನಾ?' ಅಂತ ಕೇಳಿತು. ನಮ್ಮ ಮಂದಿಗೆ ಯಾರಾದರೂ ಖಂಡಿತಾನಾ ಅಂತ ಕೇಳಿದರೆ ರೋಷ ಬರುತ್ತೆ. 'ಖಂಡಿತ' ಅಂತ ಗುಂಡಿ ಒತ್ತಿದ. ಹೆಸರುಗಳು ಸರಸರ ಅಂತ ಮೇಲೆ ಹೋದವು. ಯಾರು ಹೋದರು, ಯಾರು ಉಳಿದರು ಅಂತ ಓದಲು ಅವನಿಗೆ ಪುರಸೊತ್ತೆಲ್ಲಿ? ಕೆಂಪಕ್ಷರ ಮಾಯವಾಗಿದ್ದೇ ತಡ, ಹೆಡ್‌ಫೋನ್ ಏರಿಸಿ ರೇಡಿಯೊ ಮುಂದೆ ಕೂತ.

ದ್ವೀಪದವನ ದನಿ ಸಣ್ಣಗೆ ಕೇಳಿಸುತ್ತಿತ್ತು. ಅದರ ಮೇಲೆ ಸಾವಿರ ಜನ ಬಿದ್ದು ಕೂಗುತ್ತಿದ್ದರು. ಇವನೂ ಕೂಗಿದ. ಮಧ್ಯಾಹ್ನದವರೆಗೆ ಕೂಗಿದ. ದ್ವೀಪದವನು ಇವನೊಬ್ಬನನ್ನು ಬಿಟ್ಟು ಮಿಕ್ಕೆಲ್ಲರ ಯೋಗಕ್ಷೇಮ ವಿಚಾರಿಸುತ್ತಿದ್ದ. ಊಟಕ್ಕೆ ಏಳಲಿಲ್ಲ ಅಂತ ಹೆಂಡತಿ ತಟ್ಟೆಯನ್ನು ಮೇಜಿನ ಮೇಲೆ ತಂದಿಟ್ಟು ಹೋದಳು.

ಆಗ ಕೆಳಗಿನ ಬಾಗಿಲು ದಡದಡ ಬಡಿದ ಸದ್ದು. ಮೇಷ್ಟ್ರು ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತಿ ಬಂದರು.

"ನಾನು ಬದುಕಿದ್ದೀನೋ ಸತ್ತೆನೋ, ಮೊದಲು ಅದನ್ನ ಹೇಳು!"

"ಯಾಕ್ ಮೇಷ್ಟ್ರೆ, ಕಲ್ಲುಗುಂಡಿನ ಹಾಗಿದ್ದೀರಿ."

"ನಿನ್ನ ನೋಡ್ ಹಾಗನ್ನಲ್ಲ! ಇವತ್ತಿನ ಬುಲೆಟಿನ್ ಹಾಕೋಕೆ ಹೋದ್ರೆ, ಇಂಥವರು ಯಾರೂ ಇಲ್ಲ ಅಂತಂತೆ. ನಲವತ್ತು ವರ್ಷ ಮಕ್ಕಳ ಹಾಜರಿ ಕರೆದವನಯ್ಯ ನಾನು. ನನಗೇ ಗೈರುಹಾಜರಿ ಹಾಕ್ತೀಯಾ?"

ಆದದ್ದಿಷ್ಟೇ. ಮೇಷ್ಟ್ರಿಗೆ ಕೀಬೋರ್ಡ್ ಕಂಡರೆ ಆಗದು. ಬುಲೆಟಿನ್ನನ್ನು ಫೋನಿನಲ್ಲಿ ಓದಿ ಹೇಳುವರು, ಔಷಧಿ ಅಂಗಡಿ ನಡೆಸುವ ಸದಸ್ಯೆಯೊಬ್ಬರು ಗಿರಾಕಿಗಳ ನಡುವೆ ಅದನ್ನು ಬರೆದು, ತಮ್ಮ ಹೆಸರಲ್ಲಿ ನೋಡ್ ಒಳಗೆ ಹೋಗಿ ಮೇಷ್ಟ್ರ ಪರವಾಗಿ ಹಾಕುವರು. ಕ್ಲಬ್ಬಿಗೆಲ್ಲ ಅವರು ಔಷಧಿ ಅಕ್ಕ. ಹಾಗಾಗಿ ಮೇಷ್ಟ್ರು ತಮ್ಮ ಹೆಸರಲ್ಲಿ ನೋಡ್ ಒಳಗೆ ಕಾಲಿಟ್ಟದ್ದೇ ಇಲ್ಲ. ಬೆಳಗಿನ ಪೊರಕೆ ಮೇಷ್ಟ್ರನ್ನೂ ಗುಡಿಸಿತ್ತು.

ಕಂಬದಣ್ಣ ಹೆಡ್‌ಫೋನ್ ಕಳಚಿಟ್ಟು ಮೇಷ್ಟ್ರನ್ನು ಹೊಸದಾಗಿ ಸೇರಿಸಲು ಕೂತ. ಹೆಸರಾಯಿತು, ಕರೆಹೆಸರಾಯಿತು. ಮನೆ ಇರುವ ಜಾಗದ ಅಕ್ಷಾಂಶ ಹಾಕಿದರೆ ಮೇಷ್ಟ್ರು ಒಪ್ಪಲಿಲ್ಲ.

"ಅದು ನನ್ನ ಅಡುಗೆಮನೆ. ಆಂಟೆನಾ ಇರೋದು ಹಿತ್ತಲಲ್ಲಿ. ಸರಿಯಾಗಿ ಹಾಕು."

"ಹತ್ತು ಹೆಜ್ಜೆ ವ್ಯತ್ಯಾಸಕ್ಕೆ ಏನಾಗುತ್ತೆ ಮೇಷ್ಟ್ರೆ?"

"ಶಿಸ್ತು ಹಾಳಾಗುತ್ತೆ. ಅದಿರಲಿ, ನನ್ನ ಹಳೇ ಬುಲೆಟಿನ್ನುಗಳೆಲ್ಲ ಎಲ್ಲಿ?"

ಎಲ್ಲಿರುತ್ತವೆ? ಅಳಿಸಿಹೋಗಿದ್ದವು. ಮೇಷ್ಟ್ರ ಮುಖ ನೋಡಿ ಕಂಬದಣ್ಣನಿಗೆ ತಡೆಯಲಾಗಲಿಲ್ಲ. ಎಷ್ಟಾದರೂ ಮೊದಲ ರೇಡಿಯೊ ಕಟ್ಟಲು ಕಲಿಸಿದ ಗುರು. ಪುಣ್ಯಕ್ಕೆ ಸಂದೇಶಗಳದ್ದೊಂದು ಪ್ರತಿ ಬೇರೆ ಕಡೆ ತೆಗೆದಿಟ್ಟಿದ್ದ. ಅವಸರದಲ್ಲಿ ಅದನ್ನೇ ತಂದು ನೋಡ್‌ಗೆ ಸುರಿದ. ಸುರಿಯುವಾಗ ಇದು ಖಾಸಗಿ, ಇದು ಎಲ್ಲರಿಗೂ ಅಂತ ತೋರಿಸುವ ಗುರುತಿನ ಕಡತ ಮಾತ್ರ ಹಿಂದೆ ಉಳಿಯಿತು. ನೋಡ್ ಪ್ರಾಮಾಣಿಕ ಯಂತ್ರ. ಗುರುತಿಲ್ಲದ್ದನ್ನೆಲ್ಲ ಎಲ್ಲರಿಗೂ ಸಾರಿತು.

ಮೊದಲು ಬಂದವರು ಎದುರು ಕಟ್ಟಡದ ಹಲ್ಲು ಡಾಕ್ಟ್ರು. ಕೈಯಲ್ಲಿ ಇಕ್ಕಳ ಹಾಗೇ ಇತ್ತು. ಅವರ ಬೆನ್ನಿಗೇ ಔಷಧಿ ಅಕ್ಕ, ಅಂಗಡಿಯ ಬಿಳಿ ಕೋಟಿನಲ್ಲೇ.

"ಏನ್ರೀ ಕಂಬದಣ್ಣ ಇದು? ನಾನು ಖಾಸಗಿಯಾಗಿ ಬರೆದದ್ದೆಲ್ಲ ಬೀದೀಲಿ ಬಿದ್ದಿದೆ!" ಅಂದರು ಡಾಕ್ಟ್ರು.

"ಬೀಳಲಿ ಬಿಡಿ," ಅಂದರು ಔಷಧಿ ಅಕ್ಕ, ಡಾಕ್ಟ್ರ ಕಡೆ ತಿರುಗಿ. "ನಾನು ಬಾಯಿ ತೆಗೆದ್ರೆ ತರಂಗದ ಮೇಲೆ ಬೇರೆಯವರಿಗೆ ನಿಲ್ಲೋಕೂ ಜಾಗ ಇರಲ್ಲ ಅಂತ ಬರೆದಿದ್ದೀರಲ್ಲ, ಎಲ್ಲರಿಗೂ ಗೊತ್ತಾಗಲಿ."

"ನೀವೇನು ಕಮ್ಮೀನಾ? ನಾನು ಹಿಡಿದ ಸ್ಟೇಷನ್ನುಗಳಲ್ಲಿ ಅರ್ಧ ಬರೀ ಬುರುಡೆ ಅಂತ ನಿಮ್ಮ ತಂಗಿಗೆ ಬರೆದವರು ಯಾರು?"

"ಅರ್ಧ ಅಂದಿದ್ದು ಮರ್ಯಾದೆಗೆ!"

ಮೇಷ್ಟ್ರು ಕನ್ನಡಕ ಏರಿಸಿ ಪರದೆ ನೋಡುತ್ತಿದ್ದವರು ನಿಧಾನಕ್ಕೆ ಓದಿದರು. "ಮೇಷ್ಟ್ರ ಬುಲೆಟಿನ್ ಓದಿಸಿಬಿಟ್ಟರೆ ನನ್ನ ಪೇಷಂಟಿಗೆ ಇಂಜೆಕ್ಷನ್ನೇ ಬೇಡ, ಹಾಗೇ ಹಲ್ಲು ಕೀಳಬಹುದು. ಡಾಕ್ಟ್ರೆ, ಇದು ನಿಮ್ಮ ಸಾಹಿತ್ಯ ತಾನೆ?"

ಡಾಕ್ಟ್ರು ಇಕ್ಕಳವನ್ನು ಜೇಬಿಗೆ ಸೇರಿಸಿದರು. ಆಮೇಲೆ ಮೂವರೂ ಒಟ್ಟಿಗೆ ಮಾತಾಡಿದರು. ಕಂಬದಣ್ಣ ಇವರಿಗೆ ಕೈಮುಗಿದು, ಅವರನ್ನು ಕೂರಿಸಿ, ನಡುವೆ ಸಂದೇಶಗಳಿಗೆ ಖಾಸಗಿ ಗುರುತು ಹಚ್ಚುತ್ತಾ ಬಾಲಕ್ಕೆ ಬೆಂಕಿ ಬಿದ್ದ ಬೆಕ್ಕಿನ ಹಾಗೆ ಸುತ್ತುತ್ತಿದ್ದ. ಬಿಚ್ಚಿಟ್ಟ ಹೆಡ್‌ಫೋನಿನಿಂದ ದ್ವೀಪದವನ ದನಿ ನೊಣದಷ್ಟು ಸಣ್ಣಗೆ ಕೇಳಿಸುತ್ತಿತ್ತು. ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಈ ಸಲವೂ ಹೋಯ್ತು ಅಂತ ಅವನಿಗೆ ಅಳುವೇ ಬಂದಿತ್ತು, ಪಾಪ.

ಈ ಗಲಾಟೆಯಲ್ಲಿ ಸುಖವಾಗಿದ್ದವಳು ಒಬ್ಬಳೇ. ಹೆಂಡತಿ ಸ್ಟೂಲು ಎಳೆದುಕೊಂಡು ಪರದೆ ಮುಂದೆ ಕೂತು ಒಂದೊಂದೇ ಸಂದೇಶವನ್ನು ಸವಿದು ಓದುತ್ತಿದ್ದಳು. ಇದ್ದಕ್ಕಿದ್ದಂತೆ, "ರೀ, ಇಲ್ಲಿ ನಿಮ್ಮ ಬಗ್ಗೇನೂ ಬರೆದಿದ್ದಾರೆ," ಅಂದಳು.

ಮೂವರೂ ಒಮ್ಮೆಲೇ ಬಾಯಿ ಮುಚ್ಚಿದರು. ಔಷಧಿ ಅಕ್ಕ, "ಅದನ್ನ ಓದ್ಬೇಡಮ್ಮ," ಅಂದರು. ಬೇಡ ಅಂದರೆ ಓದದೆ ಬಿಡುವ ಜನ ಎಲ್ಲಾದರೂ ಉಂಟೆ?

"ದ್ವೀಪಕ್ಕೆ ಹೊರಟ ಗೆಳೆಯರಿಗೆ, ಔಷಧಿ ಅಕ್ಕನ ನಮಸ್ಕಾರ. ನಮ್ಮ ನೋಡ್ ನೋಡಿಕೊಳ್ಳೋ ಕಂಬದಣ್ಣ ಊರಿಗೆಲ್ಲ ದಾರಿ ತೋರಿಸಿ ತಾನು ಮಾತ್ರ ಹೊರಗೆ ಉಳಿದ ಮನುಷ್ಯ. ಅವರಿಗೆ ನಿಮ್ಮ ದ್ವೀಪ ಒಂದು ಬಾಕಿ. ನಮ್ಮ ಊರಿನ ಗಡಿಯಾರದಲ್ಲಿ ನಾಲ್ಕು ಗಂಟೆಗೆ ಎಲ್ಲರನ್ನೂ ಸುಮ್ಮನಿರಿಸಿ ಅವರೊಬ್ಬರನ್ನೇ ಕರೀರಿ. ಡಾಕ್ಟ್ರು, ಮೇಷ್ಟ್ರು, ನಾನು ಮೂವರೂ ಕೇಳಿಕೊಳ್ತಿದ್ದೀವಿ. ಅವರಿಗೆ ಮಾತ್ರ ಹೇಳಬೇಡಿ." ಹೆಂಡತಿ ತಲೆಯೆತ್ತಿದಳು. "ಅದಕ್ಕೆ ಅವರು, ಆಗಲಿ, ನಾಲ್ಕಕ್ಕೆ ಖಂಡಿತ, ಅಂತ ಉತ್ತರಾನೂ ಬರೆದಿದ್ದಾರೆ."

ಕಂಬದಣ್ಣ ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡ. ಈಗ ತಾನೇ ಒಬ್ಬರನ್ನೊಬ್ಬರು ಹರಿದು ತಿನ್ನುತ್ತಿದ್ದ ಮೂವರೂ ನೆಲ ನೋಡುತ್ತಾ ನಿಂತಿದ್ದರು. ಇಂಥ ಜನರ ನಡುವೆ ಇದ್ದೀನಲ್ಲ ಅಂತ ಅವನಿಗೆ ಎಷ್ಟು ಸಂತೋಷವಾಯಿತೆಂದರೆ ರೇಡಿಯೊ ಮುಂದೆ ಕೂರುವುದನ್ನೇ ಮರೆತ.

"ಆಮೇಲೆ ಅಳಯ್ಯ!" ಮೇಷ್ಟ್ರು ಗದರಿದರು. "ನಾಲ್ಕು ಆಗೇಹೋಯ್ತು!"

ಡಾಕ್ಟ್ರು ಅವನನ್ನು ಪೇಷಂಟಿನ ಹಾಗೆ ಹಿಡಿದು ಕುರ್ಚಿಗೆ ಒತ್ತಿದರು. ಔಷಧಿ ಅಕ್ಕ ಹೆಡ್‌ಫೋನಿನ ತಂತಿ ಕಿತ್ತು ದನಿಯನ್ನು ಸ್ಪೀಕರಿಗೆ ತಿರುಗಿಸಿದರು. ಸಾವಿರ ಜನರ ಕೂಗಾಟ ನಿಂತಿತ್ತು. ಆ ನಿಶ್ಶಬ್ದದಲ್ಲಿ ದ್ವೀಪದವನು ಸ್ಪಷ್ಟವಾಗಿ ಕಂಬದಣ್ಣನ ಕರೆಹೆಸರನ್ನೇ ಕರೆಯುತ್ತಿದ್ದ.

"ಇದ್ದೀನಿ! ಕೇಳಿಸ್ತಾ ಇದೆಯಾ? ನಾನೇ!"

"ಚೆನ್ನಾಗಿ ಕೇಳಿಸ್ತಾ ಇದೆ ಗೆಳೆಯಾ. ನಮಸ್ಕಾರ! ಒಂದೇ ನಿಮಿಷ. ಬೆಳಗ್ಗೆಯಿಂದ ಯಾರ್ಯಾರದೋ ಹೆಸರು ಹೇಳ್ಕೊಂಡು ನುಗ್ಗೋರ ಕಾಟ ತಡೆಯೋಕಾಗ್ತಿಲ್ಲ. ಲಾಗ್‌ಗೆ ಬರೆಯೋಕೆ ಮುಂಚೆ ನಿಮ್ಮ ನೋಡನ್ನ ಒಂದು ಮಾತು ಕೇಳಿಬಿಡ್ತೀನಿ."

ಐದು ತಲೆಗಳು ಒಟ್ಟಿಗೆ ಪರದೆ ಕಡೆ ತಿರುಗಿದವು. ಸಮುದ್ರದಾಚೆಯಿಂದ ಒಂದು ಪ್ರಶ್ನೆ ಬಂದು ಬಿತ್ತು. ಈ ಕರೆಹೆಸರಿನವರು ಯಾರು? ನೋಡ್ ಒಂದು ಕ್ಷಣವೂ ತಡಮಾಡಲಿಲ್ಲ. 'ಇಂಥವರು ಯಾರೂ ಇಲ್ಲ.'

ಅಡ್ಮಿನ್ ಕುರ್ಚಿಯಲ್ಲಿ ಕೂತವನು ಬೇರೆಯವರ ಹಾಗೆ ಹೆಸರು ಹೇಳಿ ಒಳಗೆ ಬರಬೇಕಾಗಿಲ್ಲ. ಹೊತ್ತು ಹುಟ್ಟಿದರೆ ನೋಡ್ ಒಳಗೇ ಬಿದ್ದಿರುತ್ತಿದ್ದ ಮನುಷ್ಯ, ಸ್ವಂತ ಕರೆಹೆಸರಲ್ಲಿ ವರ್ಷದಿಂದ ಒಂದು ಸಲವೂ ಅದರೊಳಗೆ ಕಾಲಿಟ್ಟಿರಲಿಲ್ಲ. ಬೆಳಗ್ಗೆ ಸರಸರ ಹೋದ ಹೆಸರುಗಳಲ್ಲಿ ಅವನದೂ ಹೋಗಿತ್ತು.

"ಅಯ್ಯೋ, ನಾನೇ ಅಡ್ಮಿನ್ನು! ನಾನೇ ಅಳಿಸಿದ್ದು! ಬೆಳಗ್ಗೆ ಗುಡಿಸುವಾಗ..." ಅಂತ ಕಂಬದಣ್ಣ ಮೈಕಿಗೆ ಬಾಯಿ ಹಚ್ಚಿ ಬಡಬಡಿಸಿದ.

"ನಾಚಿಕೆ ಆಗ್ಬೇಕು ನಿಮಗೆ," ಅಂದ ದ್ವೀಪದವನು, ಬಹಳ ಬೇಸರದಿಂದ. "ಪಾಪದ ಮನುಷ್ಯನ ಹೆಸರು ಕದ್ದು ಅಡ್ಮಿನ್ ಅಂತ ಬೇರೆ ಹೇಳ್ಕೊಳ್ತೀರಾ? ಆ ನೋಡ್ ಬಗ್ಗೆ ನನಗೆ ಗೊತ್ತು. ಅದರಲ್ಲಿ ತಪ್ಪು ಬರೋಕೆ ಸಾಧ್ಯಾನೇ ಇಲ್ಲ." ಲಾಗ್‌ಗೆ ಬರೆಯದೆ ಬೇರೆಯವರನ್ನು ಕರೆದ. ಸಾವಿರ ಜನರ ಕೂಗು ಮತ್ತೆ ಮೇಲೆದ್ದಿತು.

ಕಂಬದಣ್ಣ ತನ್ನನ್ನು ತಾನೇ ನೋಡ್‌ಗೆ ಸೇರಿಸಿಕೊಂಡ. ಹಿತ್ತಲೋ ಅಡುಗೆಮನೆಯೋ ಅಂತ ಈ ಸಲ ಮೇಷ್ಟ್ರೂ ಕೇಳಲಿಲ್ಲ. ಮತ್ತೆ ಕೂಗಿದ. ಡಾಕ್ಟ್ರು ಕೂಗಿದರು, ಔಷಧಿ ಅಕ್ಕ ಕೂಗಿದರು. ದ್ವೀಪದವನು ದೋಣಿ ಬಂತು ಅಂತ ಎಲ್ಲರಿಗೂ ವಿದಾಯ ಹೇಳಿ ರೇಡಿಯೊ ಮುಚ್ಚಿದ. ಸ್ಪೀಕರಿನಲ್ಲಿ ಬರೀ ಸುಯ್ ಅನ್ನುವ ಸದ್ದು ಉಳಿಯಿತು.

ಹೆಂಡತಿ ಕಂಬದಣ್ಣನ ಬೆನ್ನ ಮೇಲೆ ಕೈಯಿಟ್ಟಳು. ಆಗ ಕಂಪ್ಯೂಟರ್ ಟಿಣ್ ಅಂದಿತು. ದ್ವೀಪದಿಂದ ಹೊರಡುವ ಮುಂಚೆ ಆ ಮನುಷ್ಯ ಕಳಿಸಿದ ಕೊನೆಯ ಸಂದೇಶ, ಅಡ್ಮಿನ್ ಅವರ ಗಮನಕ್ಕೆ. ಔಷಧಿ ಅಕ್ಕ ಬಗ್ಗಿ ಓದಿದರು.

"ಮಾನ್ಯರೇ, ನಿಮ್ಮ ಊರಿನಿಂದ ಒಬ್ಬ ಮೋಸಗಾರ ಇಂದು ಈ ಕೆಳಗಿನ ಕರೆಹೆಸರು ಹೇಳಿಕೊಂಡು ನನ್ನನ್ನು ವಂಚಿಸಲು ನೋಡಿದ. ನಿಮ್ಮ ನೋಡ್ ಅಚ್ಚುಕಟ್ಟಾಗಿ ಇದ್ದದ್ದರಿಂದ ಉಳಿದುಕೊಂಡೆ, ನಿಮಗೆ ನಾನು ಋಣಿ. ಅವನನ್ನು ಹುಡುಕಿ ನೋಡ್‌ನಿಂದ ಶಾಶ್ವತವಾಗಿ ಹೊರಗೆ ಹಾಕಿ, ಕೈಗೊಂಡ ಕ್ರಮವನ್ನು ದಯವಿಟ್ಟು ತಿಳಿಸಿ."

ಸದಸ್ಯರ ಮೇಲಿನ ದೂರುಗಳಿಗೆ ಅಂದಂದೇ ಉತ್ತರ ಬರೆಯಬೇಕು ಅನ್ನುವುದು ಕ್ಲಬ್ಬಿನ ನಿಯಮ. ಕಂಬದಣ್ಣ ಕೀಬೋರ್ಡ್ ಎಳೆದುಕೊಂಡು, ವಿಚಾರಣೆ ನಡೆಯುತ್ತಿದೆ ಅಂತ ಬರೆಯತೊಡಗಿದ.