ಹೊಲಿಗೆ ಮಷಿನ್ನಿನ ಮೇಲೊಂದು ಮೊಕದ್ದಮೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಹೊಲಿಗೆ ಮಷಿನ್ನು ಯಾವ ಪಾಪವನ್ನೂ ಮಾಡಿದ್ದಲ್ಲ. ಇದನ್ನು ಓದಿ ಮುಗಿಸುವ ಹೊತ್ತಿಗೆ ನಿಮಗೆ ಬೇರೆ ಏನಾದರೂ ಅನ್ನಿಸಿದರೆ ಅದು ನಿಮ್ಮ ಹಣೆಬರಹ. ನಾನಂತೂ ಮಾತು ಬದಲಿಸುವವಳಲ್ಲ.

ನಲವತ್ತೊಂದು ವರ್ಷದಿಂದ ಆ ಮಷಿನ್ನು ನನ್ನ ಕೋಣೆಯ ಕಿಟಕಿಯ ಕೆಳಗೆ ಕೂತಿದೆ. ಈ ಕಣ್ಣಿಗೆ ಸೂಜಿಯ ತೂತು ಕಾಣುವುದು ಆ ಕಿಟಕಿಯ ಬೆಳಕಿನಲ್ಲಿ ಮಾತ್ರ. ಹೋದ ವರ್ಷ ಅದೇ ಕೋಣೆಗೆ ಮೊಮ್ಮಗಳ ಕಂಪ್ಯೂಟರು ಬಂತು. ಲೆಕ್ಕಪತ್ರ ಬರೆಯುವ ಸಾಧು ಕಂಪ್ಯೂಟರಲ್ಲ, ಆಟ ಆಡುವ ಕಂಪ್ಯೂಟರು. ಮೇಜಿನ ಮೇಲೆ ಪರದೆ, ಮೇಜಿನ ಕೆಳಗೆ ಕರಿಯ ಪೆಟ್ಟಿಗೆ, ಪೆಟ್ಟಿಗೆಯ ಮುಖದಲ್ಲಿ ಕೆಂಪು, ಹಸಿರು, ನೀಲಿ ದೀಪ. ಮನೆಯಲ್ಲಿ ಬೇರೆಲ್ಲೂ ಜಾಗ ಇಲ್ಲವಂತೆ. ಉದಾರಿಯಾದ ನಾನು ಒಪ್ಪಿದೆ. (ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಒಪ್ಪಿದೆ.)

ಬಂದವರನ್ನು ಬರಿಮೈಯಲ್ಲಿ ಕೂರಿಸುವುದು ನನ್ನ ಜಾಯಮಾನವಲ್ಲ. ನಮ್ಮ ಮನೆಯಲ್ಲಿ ರೇಡಿಯೊ, ಮಿಕ್ಸಿ, ನೀರಿನ ಫಿಲ್ಟರು, ಗ್ಯಾಸ್ ಸಿಲಿಂಡರು, ಎಲ್ಲಕ್ಕೂ ನಾನು ಹೊಲಿದ ಅಂಗಿ ಇದೆ. ಹೋದ ತಿಂಗಳ ಕೊನೆಗೆ ಈ ಪೆಟ್ಟಿಗೆಗೂ ದಪ್ಪ ಬಟ್ಟೆಯಲ್ಲಿ, ಅಂಚಿಗೆ ನೆರಿಗೆ ಇಟ್ಟು, ಕೂಸಿನ ಕುಲಾವಿಯ ಹಾಗೆ ಒಂದು ಕವರು ಹೊಲಿದೆ. ಮುಖ ಮಾತ್ರ ತೆರೆದಿರಬೇಕು, ಬೆನ್ನು ತಲೆ ಬೆಚ್ಚಗಿರಬೇಕು. ತೊಡಿಸುವ ಮೊದಲು ಬೆನ್ನಿನ ವೈರುಗಳನ್ನೆಲ್ಲ ಬಿಚ್ಚಿ, ಮೈ ಒರೆಸಿ, ಮತ್ತೆ ಸಿಕ್ಕಿಸಿದೆ. ಇದಕ್ಕೆ ಯಾರೂ ಒಂದು ಒಳ್ಳೆಯ ಮಾತು ಆಡಲಿಲ್ಲ. ನಮ್ಮ ಮನೆಯವರಿಗೆ ಕವರು ಕಣ್ಣಿಗೇ ಬೀಳುವುದಿಲ್ಲ, ಅಷ್ಟು ಅಭ್ಯಾಸವಾಗಿಹೋಗಿದೆ.

ಈಗ ಮೊಕದ್ದಮೆಗೆ ಬರೋಣ.

"ಅಜ್ಜೀ, ನೋಡಿಲ್ಲಿ!" ಅಂದಳು ಮೊಮ್ಮಗಳು ಒಂದು ಮಂಗಳವಾರ. "ನಾನು ತಿರುಗಿ ನೋಡೋ ಅಷ್ಟರಲ್ಲಿ ಎದುರು ಟೀಮಿನವರು ನನ್ನ ಹೊಡೆದು, ಕೈ ತೊಳ್ಕೊಂಡು, ಊಟಕ್ಕೆ ಕೂತಿರ್ತಾರೆ."

ನೋಡಿದೆ. ಪರದೆಯ ಮೇಲೆ ಕಬ್ಬಿಣದ ಅಂಗಿ ತೊಟ್ಟ ಹೆಂಗಸೊಬ್ಬಳು ಓಡುತ್ತಿದ್ದಳು. ಓಡುತ್ತಿದ್ದಳು ಅನ್ನುವುದು ಗೌರವದ ಮಾತು. ಒಂದು ಕಾಲೆತ್ತಿ ಯೋಚನೆ ಮಾಡಿ, ಇಡಲೋ ಬೇಡವೋ ಅಂತ ನಿಂತು, ಆಮೇಲೆ ಇಡುತ್ತಿದ್ದಳು. ನನ್ನ ಮಂಡಿನೋವಿನ ದಿನಗಳಲ್ಲೂ ನಾನು ಇದಕ್ಕಿಂತ ಚುರುಕು. ಸ್ವಲ್ಪ ಹೊತ್ತಿಗೆ ಫಟ್ ಅಂತ ಎಲ್ಲ ಆರಿ ಪರದೆ ಕಪ್ಪಾಯಿತು.

"ಈ ತಿಂಗಳೆಲ್ಲ ಹೀಗೇ. ಶನಿವಾರ ನಾಲ್ಕು ಗಂಟೆಗೆ ನಮ್ಮ ಟೀಮಿನ ಪಂದ್ಯ ಇದೆ ಅಜ್ಜಿ. ಮಧ್ಯದಲ್ಲಿ ಆರಿಹೋದ್ರೆ ನನ್ನ ಕಿತ್ತಾಕ್ತಾರೆ."

ಆಗ ಪ್ರವೇಶವಾಯಿತು ನನ್ನ ಸುಪುತ್ರನದು. ನೀರಿನ ಮೀಟರು ಓದುವ ಕೆಲಸ ಅವನದು; ಹಾಗಾಗಿ ಲೋಕದ ಯಂತ್ರಗಳೆಲ್ಲ ತನ್ನ ಖಾಸಾ ನೆಂಟರು ಅಂದುಕೊಂಡಿದ್ದಾನೆ. ಬಾಗಿಲಲ್ಲೇ ನಿಂತು ಪರದೆ ನೋಡಿದ, ನನ್ನ ಮಷಿನ್ನು ನೋಡಿದ, ತೀರ್ಪು ಕೊಟ್ಟ.

"ಇನ್ನೇನು ಬೇಕು? ಅಮ್ಮನ ಮಷಿನ್ನಿಂದ ಹಾರೋ ನೂಲಿನ ಧೂಳೆಲ್ಲ ಅದರ ಹೊಟ್ಟೆಗೆ ಹೋಗ್ತಿದೆ."

"ನನ್ನ ಧೂಳು ನಲವತ್ತೊಂದು ವರ್ಷ ನಿನ್ನ ಹೊಟ್ಟೆಗೂ ಹೋಗಿದೆ. ನೀನೇನು ಆರಿಹೋದ್ಯಾ?"

"ಅತ್ತೆ, ಕೋಪ ಮಾಡ್ಕೋಬೇಡಿ," ಅಂದಳು ಸೊಸೆ, ಕೋಪ ಬರಿಸುವ ದನಿಯಲ್ಲಿ. "ಹೊರಗೆ ಚಪ್ಪಲಿ ಗೂಡಿನ ಪಕ್ಕ ಜಾಗ ಇದೆಯಲ್ಲ, ಅಲ್ಲಿಟ್ಕೊಳ್ಳಿ. ಗಾಳಿನೂ ಬರುತ್ತೆ."

"ಚಪ್ಪಲಿ ಗೂಡಿಂದ ಬರೋದು ಯಾವ ಗಾಳಿ ಅಂತ ನನಗೂ ಗೊತ್ತು ಕಣಮ್ಮ."

ನನ್ನ ರಕ್ತ ಕುದಿಯಿತು. ಯಾರ ಎದುರಿಗೆ ಈ ಮಾತು? ನಾನು ಓದಿದ್ದು ನಾಲ್ಕನೇ ಕ್ಲಾಸು ಇರಬಹುದು, ಆದರೆ ನನ್ನ ಯಜಮಾನರು ಮೂವತ್ತು ವರ್ಷ ಟಾಕೀಸಿನಲ್ಲಿ ಪ್ರೊಜೆಕ್ಟರು ಓಡಿಸಿದವರು. ಚಿತ್ರ ತಡವರಿಸುವುದು, ಚಿತ್ರ ನಿಲ್ಲುವುದು, ಇವು ನನಗೆ ಹೊಸ ಕಾಯಿಲೆಗಳಲ್ಲ. ಮದುವೆಯಾದ ಎರಡನೇ ವರ್ಷ, ಒಂದು ಸೋಮವಾರ, ಊಟದ ಡಬ್ಬಿ ಹಿಡಿದು ನಾನು ಅವರ ರೂಮಿನಲ್ಲೇ ನಿಂತಿದ್ದೆ. ನಾಯಕ ನಾಯಕಿಯ ಕೈ ಹಿಡಿದ, ರೀಲು ನಿಂತಿತು, ಹಿಡಿದ ಕೈಗಳ ನಡುವೆ ಕಂದು ತೂತು ಬಿದ್ದು ಹೊತ್ತಿಕೊಂಡಿತು. ಮೂರನೇ ಸಾಲಿನಿಂದ ಯಾರೋ ಪರದೆಗೆ ಚಪ್ಪಲಿ ಎಸೆದರು. ಎಡಗಾಲಿನದು, ಹಿಮ್ಮಡಿ ಸವೆದಿತ್ತು. ನನ್ನ ನೆನಪು ಅಂಥದ್ದು. ಅವತ್ತು ಯಜಮಾನರು ಬೆವರು ಒರೆಸಿಕೊಳ್ಳುತ್ತ ಹೇಳಿದ್ದು ಹೀಗೆ: "ನೋಡೇ, ಯಂತ್ರ ಕೆಟ್ಟರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡು ಬದಲಾಯಿಸಿದೆಯೋ, ಕಳ್ಳ ಯಾರು ಅಂತ ದೇವರಿಗೂ ಗೊತ್ತಾಗಲ್ಲ."

ಆ ಸೂತ್ರವನ್ನು ಹಿಡಿದು ನಾನು ಸವಾಲು ಹಾಕಿದೆ. "ಎರಡು ದಿನ ಮಷಿನ್ನು ಮುಟ್ಟಲ್ಲ. ಕಂಪ್ಯೂಟರು ಸರಿಹೋದ್ರೆ ತಪ್ಪು ನನ್ನ ಮಷಿನ್ನಿನದು. ಸರಿಹೋಗದಿದ್ರೆ ನೀವೆಲ್ಲ ಬಾಯಿ ಮುಚ್ಚಬೇಕು."

ಬುಧವಾರ, ಗುರುವಾರ ಕೈಕಟ್ಟಿ ಕೂತೆ. ಪಕ್ಕದ ಮನೆಯ ನರ್ಸಮ್ಮ ಒಂದು ಜೇಬು ಹೊಲಿದುಕೊಡಿ ಅಂತ ಬಂದಾಗ "ಮಷಿನ್ನು ವಿಚಾರಣೆಯಲ್ಲಿದೆ" ಅಂತ ವಾಪಸು ಕಳಿಸಿದೆ. ಗುರುವಾರ ಸಂಜೆಯೊಳಗೆ ಕಂಪ್ಯೂಟರು ಮೂರು ಸಲ ಆರಿತು. ಮೊಮ್ಮಗಳು ಅಳುತ್ತಿದ್ದಳು, ನಾನು ಒಳಗೊಳಗೇ ಕುಣಿಯುತ್ತಿದ್ದೆ. ಇದು ತಪ್ಪು ಅಂತ ಗೊತ್ತು. ಆದರೂ ಕುಣಿದೆ.

ಮಗ ಬಿಡಬೇಕಲ್ಲ? "ಹಳೇ ಧೂಳು ಒಳಗೇ ಇರುತ್ತೆ ಅಮ್ಮ. ನಾಳೆ ರಿಪೇರಿಯವರನ್ನ ಕರೆಸ್ತೀನಿ. ಅವರು ಏನು ಹೇಳಿದ್ರೂ ಒಪ್ಕೋತೀಯಾ?"

"ಬರ್ಕೊಡ್ತೀನಿ. ತಪ್ಪು ನನ್ನ ಮಷಿನ್ನಿನದು ಅಂತ ಅವರ ಬಾಯಲ್ಲಿ ಬರಲಿ, ಈ ಕೈಯಲ್ಲೇ ತಳ್ಳಿಕೊಂಡು ಹೋಗಿ ಚಪ್ಪಲಿ ಗೂಡಿನ ಪಕ್ಕ ಇಡ್ತೀನಿ."

ಹೊರಗಿನವರು ಮನೆಗೆ ಬರುವಾಗ ಕೊಳಕು ಕಾಣಬಾರದು. ಶುಕ್ರವಾರ ಬೆಳಿಗ್ಗೆ ಎದ್ದವಳೇ ಪೆಟ್ಟಿಗೆಯ ಕುಲಾವಿಯನ್ನು ಬಿಚ್ಚಿ ಒಗೆದು ಬಿಸಿಲಿಗೆ ಹಾಕಿದೆ.

ರಿಪೇರಿಯವರು ಬಂದರು. ಐವತ್ತು ದಾಟಿದ ದಪ್ಪ ಮನುಷ್ಯ, ಕನ್ನಡಕ ಹಣೆಯ ಮೇಲೆ. ಉಸ್ಸಪ್ಪಾ ಅಂತ ನೆಲದಲ್ಲಿ ಕೂತು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದರು. ಮನೆಯವರೆಲ್ಲ ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ನಿಂತಿದ್ದೆವು.

"ಧೂಳು ಇದೆಯಾ?" ಅಂದ ಮಗ.

"ಎಲ್ಲಿ ಸ್ವಾಮಿ? ಇಷ್ಟು ಚೊಕ್ಕ ಇರೋದು ನಾನು ನೋಡೇ ಇಲ್ಲ."

ನಾನು ಗಂಟಲು ಸರಿಮಾಡಿಕೊಂಡೆ. "ಇನ್ನೊಂದ್ಸಲ ಹೇಳಪ್ಪಾ, ನನ್ನ ಮಗನಿಗೆ ಕಿವಿ ಮಂದ."

ಅವರು ಆಗಲೇ ಪೆಟ್ಟಿಗೆಯ ಬೆನ್ನು ನೋಡುತ್ತಿದ್ದರು. "ಈ ಪರದೆಯ ವೈರು ಇಲ್ಲಿಗೆ ಸಿಕ್ಕಿಸಿದ್ದು ಯಾರು?"

ನಾನು ಸೆರಗಿನ ನೆರಿಗೆ ಸರಿಮಾಡಿಕೊಂಡೆ.

"ನೋಡಿ, ಚಿತ್ರ ಬರೆಯೋಕೆ ಅಂತಾನೇ ಒಳಗೆ ಗ್ರಾಫಿಕ್ಸ್ ಕಾರ್ಡ್ ಅಂತ ಒಂದಿದೆ, ಜಟ್ಟಿ ಇದ್ದ ಹಾಗೆ. ಅದರ ತೂತು ಕೆಳಗಿನದು. ಯಾರೋ ಮೇಲಿನ ತೂತಿಗೆ ಹಾಕಿದ್ದಾರೆ. ಜಟ್ಟಿ ಮೂಲೆಯಲ್ಲಿ ಸುಮ್ನೆ ಕೂತಿದಾನೆ, ಮೂಟೆ ಹೊರ್ತಿರೋದು ಎಳೆಕೂಸು."

"ಅಜ್ಜೀ...?" ಮೊಮ್ಮಗಳು ನನ್ನ ಕಡೆ ತಿರುಗಿದಳು.

"ಎರಡು ತೂತೂ ಒಂದೇ ಥರ ಇವೆ," ಅಂದೆ ತಲೆಯೆತ್ತಿ. "ಕೆಳಗಿನದಕ್ಕೆ ಬಗ್ಗಬೇಕು, ಮೇಲಿನದು ಕೈಗೆ ಸಿಗ್ತು. ನನಗೆ ಸೊಂಟ ಅಂತ ಒಂದಿದೆ."

"ಅಮ್ಮ!" ಅಂದ ಮಗ.

"ಏನಪ್ಪಾ? ಮಾತು ಆಗಿದ್ದು ಮಷಿನ್ನಿನ ವಿಚಾರ. ಕೈಯ ವಿಚಾರ ಅಲ್ಲ. ಕೈಯನ್ನ ಬೇಕಾದ್ರೆ ಚಪ್ಪಲಿ ಗೂಡಿನ ಪಕ್ಕ ಇಡ್ತೀನಿ."

ರಿಪೇರಿಯವರು ವೈರು ಬದಲಾಯಿಸಿದರು. ಅಬ್ಬಾ! ಕಬ್ಬಿಣದ ಅಂಗಿಯವಳು ಚಿಗರೆಯ ಹಾಗೆ ಓಡಿದಳು. ಅರ್ಧ ಗಂಟೆ ಓಡಿಸಿ ನೋಡಿದರು, ಆರಲಿಲ್ಲ. ಸೊಸೆ ಕಾಫಿ ತಂದಳು. ಮಗ ಸೋತ ಮುಖ ಹಾಕಿಕೊಂಡು "ಆಯ್ತಮ್ಮ, ನಿನ್ನ ಮಷಿನ್ನು ನಿರಪರಾಧಿ" ಅಂದ. ಈ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅವನು ಅದನ್ನು ಮರೆತು ಆಗಲೇ ಒಂದು ವಾರವಾಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಕಥೆ ಮುಗಿದಿತ್ತು. ಗೆದ್ದವರು ದೊಡ್ಡ ಮನಸ್ಸು ಮಾಡಬೇಕಲ್ಲ? ಬಿಸಿಲಲ್ಲಿ ಒಣಗಿದ ಕುಲಾವಿಯನ್ನು ತಂದು, ಇಸ್ತ್ರಿ ಮಾಡಿ, ಎಲ್ಲರೂ ಕಾಫಿಯಲ್ಲಿ ಮುಳುಗಿರುವಾಗ ನಾನೇ ಪೆಟ್ಟಿಗೆಗೆ ತೊಡಿಸಿ ನೆರಿಗೆ ಸರಿಮಾಡಿದೆ.

ಎರಡನೇ ಲೋಟ ಕಾಫಿ ಮುಗಿಯುವ ಹೊತ್ತಿಗೆ ಫಟ್.

ರಿಪೇರಿಯವರು ಮತ್ತೆ ನೆಲಕ್ಕೆ ಕೂತರು. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. "ಇದೇನಿದು?"

"ಕವರು," ಅಂದಳು ಸೊಸೆ, ಆಗಷ್ಟೇ ಕಂಡವಳ ಹಾಗೆ.

ಅವರು ಅದರೊಳಗೆ ಕೈಯಿಟ್ಟು ತಟ್ಟನೆ ಹಿಂದಕ್ಕೆ ತೆಗೆದರು. "ಒಲೆ ಆಗಿದೆಯಲ್ಲ ತಾಯಿ! ಇದರ ಬಿಸಿಗಾಳಿ ಹೊರಗೆ ಹೋಗೋದೇ ಬೆನ್ನಿಂದ, ತಲೆಯಿಂದ. ಎರಡನ್ನೂ ಮುಚ್ಚಿದ್ರೆ ಜೀವ ಉಳಿಸ್ಕೊಳ್ಳೋಕೆ ಅದೇ ಆರ್ಕೊಳ್ಳುತ್ತೆ." ಆಮೇಲೆ ನೆರಿಗೆಯನ್ನು ತಿರುಗಿಸಿ ನೋಡಿ ಮೆಚ್ಚಿಕೊಂಡರು. "ಹೊಲಿಗೆ ಮಾತ್ರ ಬೊಂಬಾಟ್. ಕೈಹೊಲಿಗೆನಾ?"

ಕೈಹೊಲಿಗೆ ಅಂದಿದ್ದರೆ ಮುಗಿಯುತ್ತಿತ್ತು. ಒಂದೇ ಒಂದು ಅಕ್ಷರ, ಹೂಂ ಅಂದರೂ ಸಾಕಿತ್ತು. ಆದರೆ ನಲವತ್ತೊಂದು ವರ್ಷದ ನನ್ನ ಮಷಿನ್ನಿಗೆ ಸಲ್ಲಬೇಕಾದ ಹೊಗಳಿಕೆಯನ್ನು ಕದಿಯಲು ನನ್ನ ನಾಲಿಗೆ ಒಪ್ಪಲಿಲ್ಲ.

"ಕೈಯಲ್ಲಿ ಇಷ್ಟು ನೇರ ಬರುತ್ತೇನಪ್ಪಾ? ಮಷಿನ್ನಿನದು," ಅಂದೆ.

ಮಗ, ಸೊಸೆ, ಮೊಮ್ಮಗಳು, ಆರು ಕಣ್ಣುಗಳು ಒಟ್ಟಿಗೆ ಕಿಟಕಿಯ ಕೆಳಗಿನ ಮಷಿನ್ನಿನ ಕಡೆ ತಿರುಗಿದವು.

ಒಂದೇ ದಿನ ಎರಡು ಬದಲಾಗಿತ್ತು ನೋಡಿ, ಬೆಳಿಗ್ಗೆ ನಾನು ಬಿಚ್ಚಿದ ಕುಲಾವಿ, ಆಮೇಲೆ ರಿಪೇರಿಯವರ ವೈರು. ಯಜಮಾನರು ಮೇಲೆ ಕೂತು ಬೆವರು ಒರೆಸಿಕೊಂಡಿರಬೇಕು.

ನಾನು ಯಾರ ಸಹಾಯವನ್ನೂ ಕೇಳಲಿಲ್ಲ. ಮಗ ಕೈಹಾಕಲು ಬಂದಾಗ ಮೊಣಕೈಯಿಂದ ತಿವಿದೆ. ಅಂಗುಲ ಅಂಗುಲ ತಳ್ಳಿಕೊಂಡು ಹೋಗಿ ಮಷಿನ್ನನ್ನು ಚಪ್ಪಲಿ ಗೂಡಿನ ಪಕ್ಕ ನಿಲ್ಲಿಸಿದೆ. ಶನಿವಾರ ಮೊಮ್ಮಗಳ ಟೀಮು ಗೆದ್ದಿತು. ಅವಳು ಕೂಗಿದ್ದು ನನಗೆ ಹೊರಗಿನವರೆಗೂ ಕೇಳಿಸಿತು. ಆಮೇಲೆ ಓಡಿಬಂದು ನನ್ನ ಸೂಜಿಗೆ ದಾರ ಪೋಣಿಸಿಕೊಟ್ಟಳು. ಇಲ್ಲಿ ಬೆಳಕು ಸಾಲದು, ಈಗ ದಿನಕ್ಕೆ ನಾಲ್ಕು ಸಲ ಅವಳೇ ಬಂದು ಪೋಣಿಸುತ್ತಾಳೆ.

ಸೋತೆ ಅಂದುಕೊಳ್ಳಬೇಡಿ. ಇಲ್ಲಿ ಕೂತ ಮೇಲೆ ನನ್ನ ಕಣ್ಣಿಗೆ ಒಂದು ವಿಷಯ ಬಿತ್ತು. ಈ ಚಪ್ಪಲಿ ಗೂಡು ಇಷ್ಟು ವರ್ಷ ಬರಿಮೈಯಲ್ಲೇ ನಿಂತಿದೆ. ಅಳತೆ ತೆಗೆದುಕೊಂಡಿದ್ದೇನೆ, ಬಟ್ಟೆಯನ್ನೂ ಕತ್ತರಿಸಿಯಾಯಿತು. ಅದಕ್ಕೆ ಬಿಸಿಯಾಗುವ ಕಾಯಿಲೆಯಿಲ್ಲ, ರಿಪೇರಿಯವರನ್ನೇ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.