ಮೂರ್ತಪ್ಪನ ಹಸಿರು ಮಾಳಿಗೆ

“ನಾಳೆಯ ಮನೆ ಹೆಂಗಿರ್ತೈತೆ ಅಂತ ಈ ದುರ್ಗಕ್ಕೆ ನಾನು ತೋರಿಸ್ತೀನಿ! ನೋಡ್ತಾ ಇರು, ನಮ್ಮ ತಲೆ ಮೇಲೆ ಕಾಡು ಬೆಳಿತೈತೆ!”

ಮೂರ್ತಪ್ಪ ಈ ಘೋಷಣೆ ಮಾಡಿದ್ದು ಯಾವ ಮಹಾಸಭೆಯಲ್ಲೂ ಅಲ್ಲ, ಅಡುಗೆಮನೆಯ ಬಾಗಿಲಲ್ಲಿ, ಖಾಲಿ ಕಾಫಿ ಲೋಟ ಹಿಡಿದುಕೊಂಡು. ಕೇಳಿಸಿಕೊಂಡದ್ದು ಹೆಂಡತಿ ಬಿಂದು ಮತ್ತು ಒಲೆಯ ಮೇಲಿದ್ದ ಕುಕ್ಕರು. ಕುಕ್ಕರು ಸೀಟಿಯನ್ನಾದರೂ ಹೊಡೆಯಿತು. ಬಿಂದು ಅದನ್ನೂ ಮಾಡಲಿಲ್ಲ.

“ತಲೆ ಮೇಲೆ ಕೂದಲೇ ನಿಲ್ತಾ ಇಲ್ಲ ನಿಮಗೆ, ಕಾಡು ಎಲ್ಲಿ ನಿಲ್ತೈತೆ?” ಎಂದಳು.

ಮೂರ್ತಪ್ಪ ಚಿತ್ರದುರ್ಗದಲ್ಲಿ ಮನೆಗಳ ಪ್ಲಾನು ಬರೆಯುವವನು. ಹುಟ್ಟಿದ್ದು ಸರ್ಕಾರಿ ಕ್ವಾರ್ಟರ್ಸಿನ ಕಾಂಕ್ರೀಟಿನ ಕೆಳಗೆ, ಬೆಳೆದದ್ದು ಕಾಂಕ್ರೀಟಿನ ಕೆಳಗೆ, ಹೊಟ್ಟೆ ಹೊರೆಯುತ್ತಿದ್ದದ್ದೂ ಕಾಂಕ್ರೀಟಿನಿಂದಲೇ. ಸೈಟು ಯಾವುದೇ ಇರಲಿ, ಅವನ ಮನೆ ಒಂದೇ: ಮುಂದೆ ಬೈಕಿಗೆ ಜಾಗ, ಒಳಗೆ ಹಾಲ್, ಮೂಲೆಗೆ ದೇವರು, ಮೇಲೆ ಕಪ್ಪು ನೀರಿನ ಟ್ಯಾಂಕು. ಅವನು ಪ್ಲಾನು ಬರೆದ ಬಡಾವಣೆಯಲ್ಲಿ ಗೃಹಸ್ಥರೊಬ್ಬರು ತಮ್ಮ ಮನೆ ಅಂತ ಪಕ್ಕದ ಮನೆಗೆ ಹೋಗಿ, ಕಾಲು ತೊಳೆದು, ತಟ್ಟೆ ಮುಂದೆ ಕೂತು, ಎರಡನೇ ಮುದ್ದೆ ಬಡಿಸುವಾಗ ಬಡಿಸಿದವಳ ಮುಖ ನೋಡಿ ಎದ್ದು ಓಡಿದರು ಅಂತ ಊರಲ್ಲಿ ಸುದ್ದಿ. ಸುದ್ದಿ ಹಬ್ಬಿಸಿದ್ದು ಬಿಂದುವೇ ಅಂತ ಮೂರ್ತಪ್ಪನಿಗೆ ಬಲವಾದ ಅನುಮಾನ.

ಹೀಗಿರುವಾಗ ಪ್ಲಾನು ಬರೆಯುವವರ ಸಂಘದಲ್ಲಿ ಒಂದು ಸ್ಪರ್ಧೆ ಇಟ್ಟರು. ವಿಷಯ: ‘ನಗರ, ನಿಸರ್ಗ ಮತ್ತು ನಾಳೆಯ ಮನೆ.’ ಬರಿ ಕಾಗದದ ಮೇಲೆ ಬರೆದರೆ ಸಾಲದು, ಮಾಡಿ ತೋರಿಸಬೇಕು, ತೀರ್ಪುಗಾರರು ಮನೆಗೇ ಬಂದು ನೋಡುತ್ತಾರೆ. ಅವತ್ತಿನಿಂದ ಮೂರ್ತಪ್ಪನ ನಾಲಿಗೆಗೆ ‘ಕಾನ್ಸೆಪ್ಟ್’ ಎಂಬ ಪದ ಅಂಟಿಕೊಂಡಿತು. ಸಾರಿಗೆ ಉಪ್ಪು ಕಮ್ಮಿ ಅಂದರೂ ಕಾನ್ಸೆಪ್ಟ್, ಹಲ್ಲುಜ್ಜಿದರೂ ಕಾನ್ಸೆಪ್ಟ್!

“ಬಿಂದು, ನಿನಗೆ ಮಾಳಿಗೆ ಅಂದ್ರೆ ಪ್ರಾಣ ಅಲ್ವಾ? ನಮ್ಮ ತಾರಸಿ ಮೇಲೆ ಮಣ್ಣು ಹಾಕಿಸ್ತೀನಿ. ಆ ಮಣ್ಣಿನ ತುಂಬಾ ಹುಲ್ಲು. ಹುಲ್ಲಿನ ತುಂಬಾ ಹೂವು. ಹೂವಿನ ತುಂಬಾ ಚಿಟ್ಟೆ!”

“ಚಿಟ್ಟೆ ಯಾರು ಕೇಳಿದ್ರು? ನಾನು ಕೇಳಿದ್ದು ಮಣ್ಣು.”

“ನಿನಗೆ ಗೊತ್ತಾಗಲ್ಲ, ಸುಮ್ನಿರು. ಇದು ಕಾನ್ಸೆಪ್ಟ್.”

ಬಿಂದು ಸುಮ್ಮನಾದಳು. ಅವಳು ಸುಮ್ಮನಾದದ್ದು ಕಾನ್ಸೆಪ್ಟಿಗೆ ಹೆದರಿ ಅಲ್ಲ. ಮಾಳಿಗೆ ಅಂದ ಕೂಡಲೇ ಅವಳಿಗೆ ಶ್ರೀರಾಂಪುರದ ತವರುಮನೆ ಕಣ್ಣಿಗೆ ಬಂತು. ಮರದ ತೊಲೆ, ಮೇಲೆ ಮಣ್ಣು ಹಾಸಿದ ಹಳೇ ಮಾಳಿಗೆಮನೆ. ಬೈಗಾದಾಗ ಮೇಲೆ ಹತ್ತಿ ಮಲಗಿದರೆ ಬೆನ್ನಿಗೆ ಮಣ್ಣು ಬೆಚ್ಚಗೆ, ಮುಖಕ್ಕೆ ಗಾಳಿ ತಣ್ಣಗೆ. ಪಕ್ಕದ ಬೆಳಕಿಂಡಿಯಿಂದ ಅವ್ವನ ಒಗ್ಗರಣೆ ಘಮ್ಮನೆ ಮೇಲೆ ಬರುತ್ತಿತ್ತು, ಜೊತೆಗೆ ಬೈಗುಳವೂ ಬರುತ್ತಿತ್ತು. ಈಗ ಅವ್ವನಿಲ್ಲ, ಅಪ್ಪನಿಲ್ಲ, ಮಾಳಿಗೆಯೂ ಇಲ್ಲ. ಆ ಜಾಗದಲ್ಲಿ ಅಣ್ಣನ ಮೂರಂತಸ್ತಿನ ಮನೆ ಎದ್ದಿದೆ. ಅಣ್ಣ ಒಳ್ಳೆಯವನೇ, ಅತ್ತಿಗೆಯೂ ಒಳ್ಳೆಯವಳೇ, ಹೋದರೆ ಹೋಳಿಗೆ ಮಾಡಿ ಬಡಿಸುತ್ತಾಳೆ. ಆದರೂ ಬಿಂದುಗೆ ಅಲ್ಲಿ ನಿದ್ದೆ ಹತ್ತುವುದಿಲ್ಲ. ಪ್ರತಿ ವರ್ಷ ಮೊದಲ ಮಳೆ ಬಿದ್ದಾಗ ದುರ್ಗದ ಈ ಮನೆಯ ಕಿಟಕಿಗೆ ಮೂಗಿಟ್ಟು ನಿಲ್ಲುತ್ತಾಳೆ. ಬರುವುದು ಕಾದ ಸಿಮೆಂಟಿನ ವಾಸನೆ ಮಾತ್ರ.

“ಒಂದು ಸಲ ಮಣ್ಣಿನ ಮಾಳಿಗೆ ಮೇಲೆ ಬೆನ್ನು ಹಾಕ್ಬೇಕು ಕಣ್ರಿ. ಆಮೇಲೆ ನನಗೇನೂ ಬ್ಯಾಡ” ಎಂದಿದ್ದಳು ಒಮ್ಮೆ. ಮೂರ್ತಪ್ಪ ಕೇಳಿಸಿಕೊಂಡಿದ್ದ. ಹೆಂಡತಿ ಅಂದರೆ ಅವನಿಗೆ ಜೀವ. ಕೇಳಿದ್ದಷ್ಟನ್ನೇ ಕೊಡುವವನಲ್ಲ, ಅದಕ್ಕೆ ನಾಲ್ಕು ಮಹಡಿ ಏರಿಸಿ ಕೊಡುವವನು.

ಮೇ ತಿಂಗಳಲ್ಲಿ ತಂಗಿಯ ಮಗಳ ಬಾಣಂತನ ಅಂತ ಬಿಂದು ಹೊಸದುರ್ಗಕ್ಕೆ ಹೋದಳು. ಬಸ್ಸು ಕಣ್ಮರೆಯಾಗುವ ಮುಂಚೆಯೇ ಮೂರ್ತಪ್ಪ ಐಮಂಗಲದ ಓಬಣ್ಣನಿಗೆ ಫೋನು ಹಚ್ಚಿದ. ಓಬಣ್ಣ ಟ್ರ್ಯಾಕ್ಟರಿನಲ್ಲಿ ಮಣ್ಣು ಹೊಡೆಯುವವನು.

“ಓಬಣ್ಣ, ಮನೆ ಮೇಲೆ ಹಾಕಾಕೆ ಮಣ್ಣು ಬೇಕಪ್ಪ. ಒಳ್ಳೇದು ತರ್ಬೇಕು.”

“ಮನೆ ಮ್ಯಾಲಾ? ಈ ಕಾಲ್ದಾಗ ಯಾರು ಸಾರ್ ಹಾಕ್ತಾರೆ!”

“ಈ ಕಾಲಕ್ಕಲ್ಲ ಕಣಪ್ಪ, ಮುಂದಿನ ಕಾಲಕ್ಕೆ!”

“ಆತು ಬಿಡ್ರಿ. ನಮ್ಮ ತಾತ ತರ್ತಿದ್ದ ಜಾಗ ಗೊತ್ತೈತೆ. ಎರಡು ಮಾತಿಲ್ಲದಂಥ ಮಣ್ಣು!”

ಮಣ್ಣು ಬಂತು. ನಾಳೆಯ ಮನೆಗೆ ಮೊದಲ ಬುಟ್ಟಿ ತಾನೇ ಹೊರಬೇಕು ಅಂತ ಮೂರ್ತಪ್ಪ ಪಂಚೆ ಎತ್ತಿ ಕಟ್ಟಿದ. ಮೆಟ್ಟಿಲಿನ ಅರ್ಧದಲ್ಲಿ ಅವನ ಸೊಂಟ ‘ಕಟಕ್’ ಅಂದಿತು! ಬುಟ್ಟಿ ಮೇಲಕ್ಕೆ ಹೋಯಿತು, ಮೂರ್ತಪ್ಪ ಕೆಳಕ್ಕೆ ಬಂದ. ಹಾಸಿಗೆ ಹಿಡಿದವನಿಗೆ ಪಕ್ಕದ ಮನೆಯ ಕರೀಂ ಸಾಬ್ ನೋವಿನೆಣ್ಣೆ ತಂದು ತಿಕ್ಕಿದರು. ಮೇಲಿನಿಂದ ಸಂಜೆಯವರೆಗೂ ‘ದಬ್, ದಬ್’ ಅಂತ ಸದ್ದು.

“ಏನ್ ಸದ್ದು ಮೂರ್ತಪ್ಪನೋರೆ?”

“ಪಾತಿ ಮಾಡ್ತಾ ಅವ್ರೆ ಸಾಬ್ರೆ. ಹುಲ್ಲಿಗೆ.”

ಸೊಂಟ ನೆಟ್ಟಗಾಗಿ ಮೇಲೆ ಹತ್ತಿ ನೋಡಿದರೆ ಮಣ್ಣನ್ನು ಓಬಣ್ಣನ ಆಳುಗಳು ದಿಮ್ಮಸಿನಲ್ಲಿ ಬಡಿದು ಬಡಿದು ನುಣ್ಣಗೆ ಹಲಗೆ ಮಾಡಿಟ್ಟಿದ್ದರು. ನೀರು ಹರಿಯಲಿ ಅಂತ ಕೊಳವೆಯ ಕಡೆಗೆ ಅಂದವಾಗಿ ವಾಟ ಬೇರೆ. ಎಂಥಾ ಕೆಲಸಗಾರರು ಅಂತ ಮೂರ್ತಪ್ಪ ಹಿಗ್ಗಿದ. ಹುಲ್ಲಿನ ಬೀಜ ಎರಚಿದ, ನೀರು ಹಾಕಿದ, ಸ್ಟೂಲು ಹಾಕಿಕೊಂಡು ಕಾಯುತ್ತ ಕೂತ. ಗುಬ್ಬಿ ಬಂದವು, ಪಾರಿವಾಳ ಬಂದವು, ಹೊಟ್ಟೆ ತುಂಬಾ ಉಂಡು ಹೋದವು. ಮತ್ತೆ ಬೀಜ ತಂದ, ಮತ್ತೆ ಎರಚಿದ. ಗೊಬ್ಬರ ಹಾಕಿದ. ಕೈ ಮುಗಿದ. ಹುಲ್ಲು ಮಾತ್ರ ಇಲ್ಲ!

ಬಿಂದು ಇಲ್ಲದ ಮನೆ ಬಿಕೋ ಅನ್ನುತ್ತಿತ್ತು. ಮೂರ್ತಪ್ಪ ಒಬ್ಬನೇ ಉಪ್ಪಿಟ್ಟು ಕೆದಕಿಕೊಂಡು, ಅವಳ ಕುರ್ಚಿ ನೋಡಿಕೊಂಡು, ಯಾವಾಗ ಬರುತ್ತಾಳೋ ಅಂತ ಹಂಬಲಿಸುತ್ತಿದ್ದ. ಹುಲ್ಲು ಚಿಗುರುವ ಮುಂಚೆಯೇ ಅವಳು ಬಂದುಬಿಟ್ಟರೆ ಅಂತ ಹೆದರುತ್ತಲೂ ಇದ್ದ. ಅಷ್ಟರಲ್ಲಿ ಅವಳ ಫೋನು ಬಂತು.

“ರೀ, ಏನೋ ಮಣ್ಣು ಹಾಕ್ಸಿದ್ರಂತೆ? ಪಕ್ಕದ್ಮನೆ ಅಮೀನಾ ಬೀ ಫೋನ್ ಮಾಡಿದ್ರು.”

“ಹೂಂ. ನೀನು ಬಂದು ನೋಡು, ಆನಂದ ಆಗ್ತೈತೆ.”

“ಹುಲ್ಲು ಬಂತಾ?”

“ಬರೋ ದಾರಿಯಾಗೈತೆ.”

ದಾರಿಯಲ್ಲಿ ಬಂದದ್ದು ಹುಲ್ಲಲ್ಲ, ಕರೀಂ ಸಾಬರ ಮೇಕೆ! ಬೆಳಿಗ್ಗೆ ಎದ್ದರೆ ಮೆಟ್ಟಿಲು ಹತ್ತಿ ಮೇಲೆ ನಿಂತಿರುತ್ತಿತ್ತು. ಮೇಯುತ್ತಿರಲಿಲ್ಲ, ಮೇಯಲು ಇದ್ದದ್ದಾದರೂ ಏನು? ನೆಲ ನೆಕ್ಕುತ್ತಿತ್ತು. ಕಣ್ಣು ಮುಚ್ಚಿಕೊಂಡು, ಮಕ್ಕಳು ಐಸ್‌ಕ್ಯಾಂಡಿ ನೆಕ್ಕಿದ ಹಾಗೆ ನೆಕ್ಕುತ್ತಿತ್ತು. ಮೂರ್ತಪ್ಪ ಅದರ ಫೋಟೊ ತೆಗೆದು ಸಂಘದ ಗುಂಪಿಗೆ ಹಾಕಿ, ‘ನಿಸರ್ಗ ಮರಳಿ ಬರುತ್ತಿದೆ’ ಎಂದು ಬರೆದ.

ಆಮೇಲೆ ಗಾಳಿ ಶುರುವಾಯಿತು. ದುರ್ಗದ ಗಾಳಿ ಅಂದರೆ ಕೇಳಬೇಕೆ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನೇ ಗರಗರ ತಿರುಗಿಸುವಂಥದ್ದು! ಮಣ್ಣಿನ ಮೇಲೆ ಕಟ್ಟಿದ್ದ ಬೆಳ್ಳನೆ ಪುಡಿಯನ್ನು ಎತ್ತಿಕೊಂಡು ಹೋಗಿ ನೇರ ಅಮೀನಾ ಬೀಯವರು ಒಣಗಲು ಹಾಕಿದ್ದ ಹಪ್ಪಳದ ಮೇಲೆ ಸುರಿಯಿತು. ಅಮೀನಾ ಬೀ ಕರೀಂ ಸಾಬರ ಮನೆಯವರು, ಮಾತಿನಲ್ಲಿ ಯಾರಿಗೂ ಸೋತವರಲ್ಲ.

“ಮೂರ್ತಪ್ಪನೋರೆ! ಮುಂದಿನ ವರ್ಷ ಹಪ್ಪಳಕ್ಕೆ ನಾನು ಉಪ್ಪು ಹಾಕಲ್ಲ. ನಿಮ್ಮ ತಾರಸಿ ಕೆಳಗೆ ಹಿಟ್ಟು ಇಟ್ಕೊಂಡು ಕುಂತ್ಕೋತೀನಿ!”

ಕರೀಂ ಸಾಬ್ ಹೆಂಡತಿಯನ್ನು ಸಮಾಧಾನ ಮಾಡಿ, ಮೆಲ್ಲಗೆ ಕೇಳಿದರು: “ಅಲ್ಲಾ ಮೂರ್ತಪ್ಪನೋರೆ, ಹುಲ್ಲು ಎಲ್ಲಿ?”

“ಇನ್ನೂ ಕಾನ್ಸೆಪ್ಟಿನಾಗೆ ಐತೆ ಸಾಬ್ರೆ.”

ಜೂನಿನಲ್ಲಿ ಒಂದು ದಿನ ಎರಡು ಸುದ್ದಿ ಒಟ್ಟಿಗೆ ಬಂದವು. ತೀರ್ಪುಗಾರರು ಸಂಜೆ ಬರುತ್ತಾರೆ. ಬಿಂದುವೂ ಸಂಜೆಯ ಬಸ್ಸಿಗೇ ಬರುತ್ತಾಳೆ. ತೀರ್ಪುಗಾರರು ಹಾಳಾಗಿ ಹೋಗಲಿ, ಬಸ್ಸಿಳಿದು ಆಸೆಯಿಂದ ಮೆಟ್ಟಿಲು ಹತ್ತುವ ಹೆಂಡತಿಗೆ ಬೋಳು ನೆಲ ಹೇಗೆ ತೋರಿಸುವುದು? ಮೂರ್ತಪ್ಪ ಪೇಟೆಗೆ ಓಡಿದ. ಬರುವಾಗ ಹೆಗಲ ಮೇಲೆ ದೊಡ್ಡದೊಂದು ಸುರುಳಿ. ಮದುವೆ ಮಂಟಪಗಳಲ್ಲಿ ಹಾಸುತ್ತಾರಲ್ಲ, ಪ್ಲಾಸ್ಟಿಕ್ ಹುಲ್ಲು, ಅದೇ! ತಾರಸಿ ತುಂಬಾ ಹಾಸಿ, ಮೂಲೆಗೊಂದು ಇಟ್ಟಿಗೆ ಇಟ್ಟು, ಮೇಲೆ ನೀರು ಚಿಮುಕಿಸಿದ. ಇಬ್ಬನಿ ಬಿದ್ದ ಹಾಗೆ ಕಾಣಲಿ ಅಂತ!

ತೀರ್ಪಿಗೆ ಬಂದವರು ಸಂಘದ ಅಧ್ಯಕ್ಷರು ಶಿವಕುಮಾರಪ್ಪ. ಅರವತ್ತು ದಾಟಿದವರು, ಗಂಭೀರವಾದ ಮೋರೆ, ಯಾವ ಮನೆ ನೋಡಿದರೂ ‘ಪರವಾಗಿಲ್ಲ’ ಅನ್ನುವುದಷ್ಟೇ ಅವರ ಹೊಗಳಿಕೆ. ಇಬ್ಬರು ಸದಸ್ಯರ ಜೊತೆ ಅವರು ಮೇಲೆ ಹತ್ತಿದರು. ಹಿಂದೆಯೇ, ಇನ್ನೂ ಬ್ಯಾಗು ಕೆಳಗಿಡದ ಬಿಂದು.

“ಬರ್ರಿ ಸಾರ್, ಬರ್ರಿ! ನಗರ ಮತ್ತು ನಿಸರ್ಗ ಕೈ ಕೈ ಹಿಡ್ಕೊಂಡು…” ಮೂರ್ತಪ್ಪ ಬಾಯಿ ತೆರೆದನೋ ಇಲ್ಲವೋ, ಬೆಟ್ಟದ ಕಡೆಯಿಂದ ಒಂದು ಗಾಳಿ ಎದ್ದಿತು. ಇಟ್ಟಿಗೆಗಳು ಉರುಳಿದವು. ಹುಲ್ಲುಗಾವಲು ಎದ್ದು ನಿಂತಿತು! ಒಂದು ಕ್ಷಣ ಶಿವಕುಮಾರಪ್ಪನವರನ್ನು ತಬ್ಬಿಕೊಂಡಿತು, ಅವರ ಕನ್ನಡಕ ಕಿತ್ತುಕೊಂಡಿತು, ಆಮೇಲೆ ರಸ್ತೆ ದಾಟಿ ಹಾರಿಹೋಗಿ ಎದುರುಮನೆಯ ನೀರಿನ ಟ್ಯಾಂಕಿಗೆ ಸೀರೆಯ ಹಾಗೆ ಸುತ್ತಿಕೊಂಡಿತು. ತಾರಸಿಯ ಮೇಲೆ ಉಳಿದದ್ದು ಬಿಳಿಚಿಕೊಂಡ ಬೋಳು ನೆಲ ಮತ್ತು ಅದನ್ನು ನೆಕ್ಕುತ್ತಿದ್ದ ಮೇಕೆ.

“ಏನ್ರಿ ಮೂರ್ತಪ್ಪ, ನಾಳೆಯ ಮನೆ ಅಂದ್ರಿ. ಉಪ್ಪಿನ ಅಂಗಡಿ ಇಟ್ಟೀರಲ್ಲ!” ಎಂದ ಒಬ್ಬ ಸದಸ್ಯ.

ಮೂರ್ತಪ್ಪ ಅವನ ಕಡೆ ನೋಡಲಿಲ್ಲ. ಬಿಂದುವಿನ ಮುಖ ನೋಡುತ್ತಿದ್ದ. ಅಷ್ಟರಲ್ಲಿ ಗಾಳಿಯ ಹಿಂದೆಯೇ ನಾಲ್ಕು ಹನಿ ಮಳೆ ಬಿತ್ತು. ನಮ್ಮ ಕಡೆ ಮಳೆ ಗೊತ್ತಲ್ಲ, ಬಂದ ಶಾಸ್ತ್ರ ಮಾಡಿ ಹೋಗುವಂಥದ್ದು. ಹನಿ ಬಿದ್ದ ನೆಲದಿಂದ ಘಮ್ಮನೆ ವಾಸನೆ ಎದ್ದಿತು. ಬಿಂದು ಬ್ಯಾಗು ಕೆಳಗಿಟ್ಟಳು. ಚಪ್ಪಲಿ ಬಿಟ್ಟಳು. ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಇಟ್ಟುಕೊಂಡಳು!

“ಥೂ, ಉಗುಳೇ! ಹೊಟ್ಟೆ ಕೆಡ್ತೈತೆ!” ಎಂದು ಮೂರ್ತಪ್ಪ ಕಿರುಚಿದ.

“ರೀ… ಇದು ಚೌಳು ಮಣ್ಣು ಕಣ್ರಿ!”

“ಅಂದ್ರೆ?”

“ಅಂದ್ರೆ ಏನು? ಮಾಳಿಗೆ ಮೇಲೆ ಹಾಕೋದೇ ಇದನ್ನ! ಉಪ್ಪುಪ್ಪು ಇರ್ತೈತೆ, ಒಂದು ಹನಿ ನೀರು ಕೆಳಗಿಳಿಯಲ್ಲ. ಇದ್ರಾಗೆ ಹುಲ್ಲು ಬರಲ್ಲ. ಹುಲ್ಲು ಬರಬಾರದು ಅಂತಲೇ ಹಾಕೋದು!”

ಮೂರ್ತಪ್ಪ ಫೋನು ತೆಗೆದು ಓಬಣ್ಣನಿಗೆ ಹಚ್ಚಿದ. “ಏನ್ ಮಣ್ಣು ತಂದಿದ್ದಲೇ ಓಬಣ್ಣ ನೀನು?”

“ಮನೆ ಮ್ಯಾಲಾಕೋ ಮಣ್ಣು ಅಂದ್ರಲ್ಲ ಸಾರ್! ಮನೆ ಮ್ಯಾಲೆ ಚೌಳು ಬಿಟ್ಟು ಇನ್ನೇನು ಹಾಕ್ತಾರೆ? ಯಾಕೆ, ಹುಲ್ಲು ಗಿಲ್ಲು ಏನಾರ ಬಂತಾ?”

“ಇಲ್ಲಪ್ಪ.”

“ಮತ್ತೆ! ನಾ ಹೇಳ್ಲಿಲ್ವಾ, ಎರಡು ಮಾತಿಲ್ಲದಂಥ ಮಣ್ಣು ಅಂತ!”

ಮೂರ್ತಪ್ಪ ಫೋನು ಜೇಬಿಗೆ ಹಾಕಿ ತಲೆ ತಗ್ಗಿಸಿದ. “ತಪ್ಪಾತು ಕಣೇ ಬಿಂದು. ನಿನಗೆ ಒಂದು ಎಸಳು ಹುಲ್ಲು ಬೆಳೆದು ಕೊಡಕ್ಕಾಗ್ಲಿಲ್ಲ ನನ್ ಕೈಲಿ.”

ತಲೆ ಎತ್ತಿ ನೋಡಿದರೆ ಬಿಂದು ಅಷ್ಟು ಜನರ ಎದುರಿಗೇ ನೆಲದ ಮೇಲೆ ಕೂತುಬಿಟ್ಟಿದ್ದಳು. ಅಂಗೈಯಲ್ಲಿ ಮಣ್ಣನ್ನು ಸವರುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿತ್ತು.

“ಹುಲ್ಲು ಬಂದಿದ್ರೆ ನಾನೇ ಕಿತ್ತಾಕ್ತಿದ್ದೆ. ನಮ್ಮಪ್ಪನೂ ಕಿತ್ತಾಕ್ತಿದ್ದ, ಬೇರು ಇಳಿದ್ರೆ ಮಾಳಿಗೆ ಸೋರ್ತೈತೆ ಅಂತ” ಎಂದಳು. “ಇದೇ ವಾಸನೆ ಕಣ್ರಿ. ಎಷ್ಟು ವರ್ಷ ಆಗಿತ್ತು! ಈಗ ಅವ್ವ ಕೆಳಗಿಂದ ಕೂಗಿ ಬೈದ್ರೆ ಸಾಕು, ಎಲ್ಲಾ ಸರಿಯಾಗ್ತೈತೆ ಅನ್ನಂಗೈತೆ.”

ಮೂರ್ತಪ್ಪನಿಗೂ ಅವಳ ಪಕ್ಕದಲ್ಲಿ ಕೂರಬೇಕು ಅನ್ನಿಸಿತು. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ! ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ಅವನದು. ಅಧ್ಯಕ್ಷರ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ.

“ನೋಡಿದ್ರಾ ಸಾರ್? ಸಿಮೆಂಟಿನ ನಗರದ ನೆತ್ತಿ ಮೇಲೆ ನೆಲದ ನೆನಪು! ಇದೇ ನನ್ನ ನಾಳೆಯ ಮನೆಯ ಮೂಲ ಕಾನ್ಸೆಪ್ಟ್…”

“ರೀ!” ಎಂದಳು ಬಿಂದು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. “ನಾಳೆ ಮನೆ ನಾಳೆ ಕಟ್ಕಳ್ರಿ. ಈಗ ಕೆಳಗೋಗಿ ಒಂದು ಚಾಪೆ ತರ್ರಿ.”

ಮೂರ್ತಪ್ಪ ಬಾಯಿ ಮುಚ್ಚಿಕೊಂಡು ಕೆಳಗಿಳಿದ. ಚಾಪೆ ಹುಡುಕಿ, ಸುರುಳಿ ಸುತ್ತಿ, ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತ ಮೇಲೆ ಬಂದು ನೋಡುತ್ತಾನೆ, ಸದಸ್ಯರಿಬ್ಬರೂ ಬೆಪ್ಪಾಗಿ ಗೋಡೆಗಂಟಿ ನಿಂತಿದ್ದಾರೆ. ಅಧ್ಯಕ್ಷ ಶಿವಕುಮಾರಪ್ಪ ಬೂಟು ಬಿಚ್ಚಿ, ಕೋಟು ಮಡಿಸಿ ತಲೆಯ ಕೆಳಗಿಟ್ಟುಕೊಂಡು, ಆ ಕೊನೆಯಲ್ಲಿ ಬರಿ ಮಣ್ಣಿನ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದಾರೆ.

“ಮೂರ್ತಪ್ಪ,” ಎಂದರು ಅವರು, ಕಣ್ಣು ತಿರುಗಿಸದೆ, “ಆ ಚಾಪೆ ನಿಮ್ಮ ಮನೆಯೋರಿಗೆ ಕೊಡಪ್ಪ. ಬಹುಮಾನದ ಮಾತು ಆಮೇಲೆ ಆಡಾಣ. ಮೊದಲು ಓಬಣ್ಣನ ನಂಬರು ಹೇಳು!”